ಊರು ಬಿಟ್ಟವರು ಅಂಗಡಿ ತೆರೆದದ್ದೇಕೆ?

ದುಬೈಯ ಕರಾಮ ಬಡಾವಣೆಯಲ್ಲಿ ನಮ್ಮ ಕರಾವಳಿಯವರ ಹೋಟೆಲು ಹೊಕ್ಕು ಉಂಡು ಬಂದವರು ಮಂಗಳೂರಿನಲ್ಲಿ ಸಾಮಾನ್ಯವಾಗಿ ಹೇಳುವ ಮಾತು, ‘ವ್ಯಾಪಾರ ನಮ್ಮವರ ರಕ್ತದಲ್ಲೇ ಇದೆ’ ಎಂಬುದು. ಅಭಿಮಾನದ ಈ ಮಾತನ್ನು ನಾನು ಒಪ್ಪಲಾರೆ. ಪರವೂರಿಗೆ ಹೋಗಿ ಅಂಗಡಿ, ಹೋಟೆಲು ಇಟ್ಟವರಲ್ಲಿ ಅನೇಕರು ಗೇಣಿದಾರರ, ಅಡುಗೆಯವರ, ಮೀನುಗಾರರ ಮಕ್ಕಳು. ಅವರ ಹಿರಿಯರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ವಿರಳ.

ಘಟ್ಟಕ್ಕೂ ಕಡಲಿಗೂ ನಡುವಿನ ಈ ಪಟ್ಟಿಯಲ್ಲಿ ಗದ್ದೆ ಕಿರಿದು, ಕುಟುಂಬ ಹಿರಿದು. 1923ರ ಮಾರಿಬೊಳ್ಳದಂಥ ನೆರೆ ಬಂದಾಗ ಇದ್ದ ಅಲ್ಪ ಆಸರೆಯೂ ಕೊಚ್ಚಿಹೋಗುತ್ತಿತ್ತು. ಹಾಗೆ ಮದರಾಸು, ಮುಂಬಯಿಗಳ ದಾರಿ ಹಿಡಿದ ಹುಡುಗರು ಪಾತ್ರೆ ತೊಳೆದು, ಮಾಣಿಗಳಾಗಿ, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಕೊನೆಗೆ ಗಲ್ಲಾ ನೋಡಿಕೊಳ್ಳುವಷ್ಟು ವಿಶ್ವಾಸ ಗಳಿಸಿದರು. 1938ರಲ್ಲಿ ಕಡಂದಲೆ ಕೃಷ್ಣ ರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಆರಂಭಿಸಿದರು. 1942ರಲ್ಲಿ ರಾಮ ನಾಯಕರು ಮುಂಬಯಿಯ ಮಾಟುಂಗದಲ್ಲಿ ಊಟದ ಮನೆ ತೆರೆದರು. ಹೋಟೆಲಿನ ಕೆಲಸದಲ್ಲೇ ಹೋಟೆಲು ನಡೆಸುವ ವಿದ್ಯೆಯೂ ಸಿಗುತ್ತಿತ್ತು, ಮಲಗಲು ಜಾಗವೂ ಸಿಗುತ್ತಿತ್ತು. ಬರಿಗೈಯಲ್ಲಿ ಬಂದವನಿಗೆ ಇವೆರಡನ್ನೂ ಒಟ್ಟಿಗೆ ಕೊಡುವ ಕಸುಬು ಬೇರೆ ಹೆಚ್ಚಿರಲಿಲ್ಲ.

ಕಡಲಾಚೆಯ ಅಧ್ಯಾಯ ದೊಡ್ಡದಾದದ್ದು 1970ರ ದಶಕದಲ್ಲಿ. 1973ರಲ್ಲಿ ತೈಲದ ಬೆಲೆ ಏರಿ ಕೊಲ್ಲಿ ದೇಶಗಳಿಗೆ ಅಪಾರ ಹಣ ಹರಿದುಬಂತು, ಅಲ್ಲಿ ರಸ್ತೆ, ಬಂದರು, ಆಸ್ಪತ್ರೆ ಕಟ್ಟಲು ಜನ ಬೇಕಾಯಿತು. 1974ರಲ್ಲಿ ಇಲ್ಲಿ ‘ಉಳುವವನೇ ಹೊಲದೊಡೆಯ’ ಕಾನೂನು ಜಾರಿಯಾಯಿತು. ಭೂಮಿ ಕಳೆದುಕೊಂಡ ಮನೆಯ ಮಕ್ಕಳು ಬೇರೆ ಜೀವನೋಪಾಯ ಹುಡುಕಬೇಕಾಯಿತು. ಭೂಮಿ ಪಡೆದ ಮನೆಯ ಮಕ್ಕಳಿಗೆ ಓದಿ ಹೊರಗೆ ಹೋಗುವ ಧೈರ್ಯ ಬಂತು. ಉಡುಪಿ ಸಮೀಪದ ಕಾಪುವಿನ ಬಿ. ಆರ್. ಶೆಟ್ಟಿ 1973ರಲ್ಲಿ ಅಬುಧಾಬಿಗೆ ಹೋಗಿ, ಮೊದಲು ಔಷಧ ಮಾರಿ, 1975ರಲ್ಲಿ ಎನ್‌ಎಂಸಿ ಎಂಬ ಆಸ್ಪತ್ರೆ ಸಂಸ್ಥೆ ಸ್ಥಾಪಿಸಿದರು. 2012ರಲ್ಲಿ ಲಂಡನ್ ಷೇರುಪೇಟೆ ತಲುಪಿದ ಆ ಸಂಸ್ಥೆ, ಬಹಿರಂಗಪಡಿಸದ ಸಾಲ ಹೊರಬಿದ್ದ ಮೇಲೆ 2020ರಲ್ಲಿ ನ್ಯಾಯಾಲಯ ನೇಮಿಸಿದ ಆಡಳಿತಾಧಿಕಾರಿಗಳ ವಶವಾಯಿತು.

ಆದರೆ ಇಂಥ ದೊಡ್ಡ ಹೆಸರುಗಳಿಗಿಂತ ಸಣ್ಣ ಅಂಗಡಿಗಳಲ್ಲೇ ನಮ್ಮ ಪ್ರಶ್ನೆಗೆ ಉತ್ತರವಿದೆ ಎಂದು ನನಗನ್ನಿಸುತ್ತದೆ. ಕೊಲ್ಲಿಯಲ್ಲಿ ವೀಸಾ ಕೆಲಸಕ್ಕೆ ಕಟ್ಟಿಹಾಕಿದ್ದು. ಕೆಲಸ ಹೋದರೆ ಕೆಲವೇ ಸಮಯದಲ್ಲಿ ದೇಶ ಬಿಡಬೇಕು. ದಶಕಗಳ ಕಾಲ ದುಡಿದರೂ ಪೌರತ್ವ ಸಿಗುವುದು ಅಪರೂಪ. ನಲವತ್ತು ದಾಟಿದ ಗುಮಾಸ್ತನೊಬ್ಬ ಕೂಡಿಟ್ಟ ಹಣದ ಜೊತೆಗೆ ಭಾವಂದಿರಿಂದ, ಊರಿನ ಸ್ನೇಹಿತರಿಂದ ಕೈಗಡ ತಂದು ಸರ್ಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರನ್ನೋ ದಿನಸಿ ಅಂಗಡಿಯನ್ನೋ ತೆರೆಯುವುದರ ಹಿಂದೆ ಲಾಭದಾಸೆಗಿಂತ ಹೆಚ್ಚಾಗಿ ಈ ಅಭದ್ರತೆ ಇದೆ. ಪರವಾನಗಿ ಅವನದಾದರೆ ವೀಸಾವೂ ಅವನ ಕೈಯಲ್ಲಿ. ತಮ್ಮನನ್ನು, ಅಕ್ಕನ ಮಗನನ್ನು ಕೆಲಸಕ್ಕೆ ಕರೆಸಿಕೊಳ್ಳುವ ಅಧಿಕಾರವೂ ಅದರೊಂದಿಗೆ ಬರುತ್ತದೆ. ಇದಕ್ಕಾಗಿ ಅವನು ತೆತ್ತದ್ದೂ ಕಡಿಮೆಯಲ್ಲ. ಯುಎಇಯಲ್ಲಿ, ವಿದೇಶಿಯರಿಗೆ ಪೂರ್ಣ ಒಡೆತನ ಕೊಡುವ ಮುಕ್ತ ವಲಯಗಳ ಹೊರಗೆ, ಕಂಪನಿಯ ಶೇ. 51 ಪಾಲು ಸ್ಥಳೀಯರ ಹೆಸರಿನಲ್ಲಿ ಇರಬೇಕೆಂಬ ನಿಯಮ ಹಲವು ಕ್ಷೇತ್ರಗಳಿಗೆ ಸಡಿಲವಾದದ್ದು 2021ರಲ್ಲಿ. ಅಲ್ಲಿಯವರೆಗೆ ಎಷ್ಟೋ ಮಂದಿ ತಾವೇ ಹಣ ಹೂಡಿ, ತಾವೇ ದುಡಿದು, ಹೆಸರಿಗಷ್ಟೇ ಪಾಲುದಾರರಾದವರಿಗೆ ವರ್ಷವರ್ಷವೂ ಶುಲ್ಕ ಕಟ್ಟಿದರು. ಅದನ್ನು ಅವರು ಸಹಿಸಿಕೊಂಡ ಬಗೆಯನ್ನು ಊರಿನಲ್ಲಿ ಎದ್ದ ಮನೆಗಳನ್ನು ನೋಡಿ ಅಳೆಯುವುದು ಅನ್ಯಾಯ.

ಮಂಗಳೂರಿನಿಂದ ನೇರ ಅಂತರರಾಷ್ಟ್ರೀಯ ವಿಮಾನ ಹಾರಲು ಆರಂಭಿಸಿದ್ದು 2006ರಲ್ಲಿ. ಅದಕ್ಕೆ ಮುಂಚೆ ಗಲ್ಫಿಗೆ ಹೊರಟವರಲ್ಲಿ ಬಹಳಷ್ಟು ಮಂದಿ ಮೊದಲು ಬಸ್ಸಿನಲ್ಲಿ ಮುಂಬಯಿ ಸೇರಿ, ಏಜೆಂಟರ ಕರೆಗಾಗಿ ವಾರಗಟ್ಟಲೆ ಕಾಯುತ್ತಿದ್ದರು. ಆಗ ಅವರಿಗೆ ಊಟ, ಚಾಪೆ ಕೊಟ್ಟ ಆಸರೆಗಳಲ್ಲಿ ಹಿಂದಿನ ತಲೆಮಾರಿನವರು ಅಲ್ಲಿ ಕಟ್ಟಿದ್ದ ಹೋಟೆಲುಗಳೂ ಸೇರಿದ್ದವು. ಈಗ ಬಂಟ್ವಾಳದ ಹುಡುಗ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ವಿಮಾನ ಹತ್ತಿ ಕೆಲವೇ ಗಂಟೆಗಳಲ್ಲಿ ದುಬೈಯಲ್ಲಿ ಇಳಿಯುತ್ತಾನೆ, ಮಾವನ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಮಲಗಿ, ಮರುದಿನ ಬೆಳಿಗ್ಗೆಯಿಂದ ಲೆಕ್ಕ ಬರೆಯಲು ಕಲಿಯುತ್ತಾನೆ.