ಹಳ್ಳದ ನೀರಿಂದ ಬೆಳಗಿದ ಬಂಗಲೆ

ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡಿನಲ್ಲಿ ಬಂಡೆಗಳ ಇಳಿಜಾರಿನ ಮೇಲೆ ಕ್ರ್ಯಾಗ್‌ಸೈಡ್ ಅನ್ನೋ ದೊಡ್ಡ ಬಂಗಲೆ ಇದೆ. ಎತ್ತರದ ಹೊಗೆಗೂಡುಗಳು, ಕಡಿದಾದ ಮಾಡು, ಮೇಲಿನ ಗೋಡೆಗಳಲ್ಲಿ ಕಪ್ಪು ಮರದ ಪಟ್ಟಿಗಳು. ನೋಡಿದರೆ ಹದಿನಾರನೇ ಶತಮಾನದ ಟ್ಯೂಡರ್ ರಾಜರ ಕಾಲದ್ದೇ ಅನ್ನಿಸುತ್ತದೆ, ಆದರೆ ಕಟ್ಟಿದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ. 1863ರಲ್ಲಿ ಶುರುವಾದಾಗ ರಜೆ ಕಳೆಯುವ ಚಿಕ್ಕ ಮನೆ ಅಷ್ಟೇ. 1869ರಿಂದ ಅದನ್ನು ಬೆಳೆಸುತ್ತಾ ಹೋದವರು ವಾಸ್ತುಶಿಲ್ಪಿ ನಾರ್ಮನ್ ಶಾ.

ಎಲ್ಲರೂ ಹೊಗಳೋದು ಶಾ ಅವರ ಮಾಡನ್ನು. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗೋದು ಗುಡ್ಡದ ಕೆರೆಗಳು.

ಮನೆಯ ಒಡೆಯ ವಿಲಿಯಂ ಆರ್ಮ್‌ಸ್ಟ್ರಾಂಗ್ ವಕೀಲಿ ಬಿಟ್ಟು ಎಂಜಿನಿಯರ್ ಆದವರು. ನೀರಿನ ಒತ್ತಡದಿಂದ ನಡೆಯುವ ಕ್ರೇನ್ ಮಾಡಿ ಹೆಸರಾದರು, ಆಮೇಲೆ ಫಿರಂಗಿ ಮಾರಿ ಇನ್ನಷ್ಟು ಶ್ರೀಮಂತರಾದರು. ಬ್ರಿಟನ್ನಿನ ಕಲ್ಲಿದ್ದಲು ಒಂದು ದಿನ ಮುಗಿಯುತ್ತದೆ ಎಂದು 1863ರಲ್ಲೇ ಎಚ್ಚರಿಸಿದ್ದರು. ಅಂಥವರ ಕಣ್ಣು ಮನೆ ಪಕ್ಕದ ಹಳ್ಳದ ಮೇಲೆ ಬೀಳದೆ ಇರುತ್ತದಾ?

ಹಳ್ಳಕ್ಕೆ ಒಡ್ಡು ಹಾಕಿ ಕೆರೆ ಮಾಡಿಸಿದರು. ನೀರಿನ ಒತ್ತಡಕ್ಕೆ ಬೇಕಾದದ್ದು ಎತ್ತರ. ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ. ಆ ಒತ್ತಡವೇ ಈ ಮನೆಯ ಲಿಫ್ಟ್ ಎತ್ತಿತು, ಅಡುಗೆಮನೆಯಲ್ಲಿ ಮಾಂಸ ಸುಡುವ ಸಲಾಕೆ ತಿರುಗಿಸಿತು.

1878ರಲ್ಲಿ ನೀರಿನಿಂದ ತಿರುಗುವ ಟರ್ಬೈನ್‌ಗೆ ವಿದ್ಯುತ್ತು ಹುಟ್ಟಿಸುವ ಡೈನಮೋ ಜೋಡಿಸಿ, ಎರಡು ಇಂಗಾಲದ ಕಡ್ಡಿಗಳ ನಡುವೆ ಕಿಡಿ ಹಾರಿಸಿ ಬೆಳಗುವ ಆರ್ಕ್ ದೀಪ ಹಚ್ಚಿದರು. ಅದರ ಬೆಳಕು ವಿಪರೀತ ಪ್ರಖರ, ಮನೆಯೊಳಗೆ ಕೂತು ಓದೋಕೆ ಹಿತವಲ್ಲ. 1880ರಲ್ಲಿ ಗೆಳೆಯ ಜೋಸೆಫ್ ಸ್ವಾನ್ ಅವರ ಬಲ್ಬುಗಳು ಬಂದವು. ಒಳಗೆ ಇಂಗಾಲದ ಎಳೆ. ಗಾಳಿ ತಗುಲಿದರೆ ಅದು ಸುಟ್ಟೇ ಹೋಗುತ್ತದೆ, ಹಾಗಾಗಿ ಗಾಜಿನ ಬುರುಡೆಯಿಂದ ಗಾಳಿ ಹೀರಿ ತೆಗೆದಿದ್ದರು.

ಗ್ರಂಥಾಲಯದ ದೀಪಗಳನ್ನಂತೂ ನೋಡಲೇಬೇಕು. ಎನಾಮಲ್ ಹಚ್ಚಿದ ತಾಮ್ರದ ಹೂದಾನಿಗಳ ಮೇಲೆ ಬಲ್ಬು. ವಿದ್ಯುತ್ತು ಕೆಳಗಿದ್ದ ಪಾದರಸದ ಬಟ್ಟಲಿನಿಂದ ಒಳಗಿನ ತಂತಿಯಲ್ಲಿ ಮೇಲೇರಿ, ಹೂದಾನಿಯ ಲೋಹದ ಮೈಯಲ್ಲೇ ಇಳಿದು, ಲೋಹದ ಪೀಠದ ಮೂಲಕ ವಾಪಸ್ ಹೋಗುತ್ತಿತ್ತು. ಹೂದಾನಿ ಎತ್ತಿದರೆ ದೀಪ ಆರುತ್ತಿತ್ತು, ಇಟ್ಟರೆ ಹತ್ತುತ್ತಿತ್ತು. ಜಾಣ ಉಪಾಯ ಹೌದು, ಆದರೆ ತೆರೆದ ಪಾದರಸದ ಆವಿ ವಿಷ. ಇವತ್ತು ಯಾರೂ ಹಾಗೆ ಮಾಡಬಾರದು.

1977ರಲ್ಲಿ ಬಂಗಲೆ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಸೇರಿತು. 2014ರಲ್ಲಿ ಅಲ್ಲಿನ ಟಂಬಲ್ಟನ್ ಕೆರೆಯ ಬಳಿ ಆರ್ಕಿಮಿಡೀಸ್ ತಿರುಪು, ಅಂದರೆ ಓರೆಯಾಗಿ ಕೂರಿಸಿದ ದೊಡ್ಡ ಸುರುಳಿ, ಹಾಕಿದರು. ನೀರು ಮೇಲೆತ್ತಲು ಹುಟ್ಟಿದ ಯಂತ್ರ ಅದು. ಇಲ್ಲಿ ಕೆಲಸ ತಿರುವುಮುರುವು: ಇಳಿಯುವ ನೀರು ತಿರುಪನ್ನು ತಿರುಗಿಸುತ್ತದೆ, ತಿರುಪು ಜನರೇಟರನ್ನು.