ಪದ ಪರಿಚಯ: ಕಮ್ಮಟ

ಹೋದ ವಾರ ಮತ್ತೊಂದು ಕರೆಯೋಲೆ ಬಂತು. ‘ಸ್ಥಳೀಯ ಕಲಾವಿದರೊಂದಿಗೆ ಮುಕ್ತ ಸಂಗೀತ ಕಮ್ಮಟ’. ಹೋದೆ. ಊರಿನ ಡೊಳ್ಳಿನ ತಂಡ ಗೇಟಿನಿಂದ ಅತಿಥಿಗಳನ್ನು ಕರೆತಂದಿತು. ಆಮೇಲೆ ಎರಡು ಗಂಟೆ ಭಾಷಣ, ನಡುನಡುವೆ ಹಾಡಿ ತೋರಿಸಿದ್ದು, ಕೊನೆಗೆ ಪ್ರಮಾಣಪತ್ರ. ಡೊಳ್ಳಿನವರು ಅಷ್ಟು ಹೊತ್ತೂ ಹೊರಗೆ ಮರದ ಕೆಳಗೆ ಕೂತಿದ್ದರು. ಹೀಗೆ ಮಾಡುವುದಕ್ಕೆ ಒಳ್ಳೆಯ ಹೆಸರೇ ಇದೆ, ಪ್ರಾತ್ಯಕ್ಷಿಕೆ. ಇದು ಕಮ್ಮಟ ಅಲ್ಲ.

ಈಗ ವರ್ಕ್‌ಶಾಪ್‌ಗೆ ಬಳಸುವ ಕಮ್ಮಟ ಹಳೆಯ ಪದ. ನಾಣ್ಯ ಹೊಡೆಯುವ ಜಾಗ, ಅಂದರೆ ಟಂಕಸಾಲೆ. ನಾಣ್ಯ ಹೊಡೆಯುವವನು ಕಮ್ಮಟಿ. ಮಲಯಾಳದಲ್ಲಿ ಇಂದಿಗೂ ‘ಕಮ್ಮಟ್ಟಂ’ ಎಂದರೆ ಟಂಕಸಾಲೆಯೇ. ತಮಿಳಿನ ‘ಕಂಪಟ್ಟಂ’ ಕೂಡ ಇದರ ನೆಂಟ. ಕಮ್ಮಟ ಅಂದರೆ ಕಮ್ಮಾರನ ಕುಲುಮೆ ಅಂತ ಮೈಕಿನಲ್ಲಿ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಎರಡೂ ಪದ ಕಿವಿಗೆ ಹತ್ತಿರ, ನಿಜ. ಅರ್ಥ ಮಾತ್ರ ಬೇರೆ. ಮೊಂಡಾದ ಕುಡುಗೋಲನ್ನು ಕುಲುಮೆಗೆ ಕೊಟ್ಟರೆ ಅದೇ ಕುಡುಗೋಲು ಹರಿತವಾಗಿ ವಾಪಸ್ ಬರುತ್ತದೆ. ಕಮ್ಮಟಕ್ಕೆ ಹೋದ ಲೋಹ ಹಾಗೆ ಬರುವುದಿಲ್ಲ. ಕರಗಿ, ಅಚ್ಚಿನ ಏಟು ತಿಂದು, ಊರೆಲ್ಲ ಕೈಯಿಂದ ಕೈಗೆ ಓಡಾಡುವ ನಾಣ್ಯವಾಗುತ್ತದೆ. ವರ್ಕ್‌ಶಾಪ್‌ಗೆ ಈ ಪದ ಆರಿಸಿದವರು ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ! ಕಾರ್ಯಾಗಾರ ಅಂದರೆ ನನಗೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪೇ ಕಣ್ಣಿಗೆ ಬರುತ್ತದೆ. ಶಿಬಿರವಂತೂ ಮೂಲದಲ್ಲಿ ದಂಡು ಬೀಡುಬಿಟ್ಟ ಜಾಗ.

ಹಾಗಾಗಿ ಸಂಗೀತ ಕಮ್ಮಟ ಅಂದಮೇಲೆ ಬೆಳಿಗ್ಗೆ ಇಲ್ಲದ ಹಾಡೊಂದು ಸಂಜೆಗೆ ಇರಬೇಕು. ಅರೆಬರೆಯಾದರೂ ಸರಿ. ಗೊತ್ತಿರುವ ಹಾಡನ್ನೇ ಹದ ಮಾಡುವುದಾದರೆ ಅದು ತಾಲೀಮು.

ಇನ್ನು ‘ಸ್ಥಳೀಯ ಕಲಾವಿದರು’. ಇಲ್ಲಿ ನನ್ನ ತಕರಾರು ಜಾಸ್ತಿ. ಶ್ರುತಿ ಯಾರದು ಅಂತ ಮೊದಲು ಕೇಳಬೇಕು. ತತ್ವಪದ ಹಾಡುವವರು ಏಕತಾರಿಯನ್ನು ತಮ್ಮ ಕಂಠಕ್ಕೆ ಕೂಡಿಸಿಕೊಂಡಿರುತ್ತಾರೆ. ಅವರನ್ನು ಕೀಬೋರ್ಡಿನ ಶ್ರುತಿಗೆ ಎಳೆದರೆ ದನಿ ಒಡೆಯುತ್ತದೆ. ಕೀಬೋರ್ಡಿನವರು ಒಂದೆರಡು ಗುಂಡಿ ಒತ್ತಿ ಅವರ ಶ್ರುತಿಗೆ ಹೋಗಬಹುದಲ್ಲ! ತಮಟೆ ಕಾಯಿಸಲು ಬೆಂಕಿ ಬೇಕು. ಹಾಲ್‌ನಲ್ಲಿ ಆಗದಿದ್ದರೆ ಎಲ್ಲರೂ ಅಂಗಳಕ್ಕೆ ಬರಲಿ.

ಊರಿನವರ ದಾರಿಗೆ ಹೊರಗಿನವರು ಬಂದ ಉದಾಹರಣೆಯೂ ಇದೆ. ಮೃದಂಗ ವಾದಕ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು ಜರ್ಮನಿಯ ಎಂಬ್ರಿಯೋ ತಂಡದ ಜೊತೆ, ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮಾರಿಯಾನೋ ಜೊತೆ ನುಡಿಸಿದ್ದಾರೆ. ಮಾರಿಯಾನೋ ಜೊತೆಗಿನ 1983ರ ‘ಜ್ಯೋತಿ’ ಆಲ್ಬಮ್ ಕೇಳಿ. ಆರ್.ಎ. ರಮಾಮಣಿಯವರ ದನಿ, ಮೃದಂಗ, ಕೊನ್ನಕ್ಕೋಲು (ತಾಳದ ಜತಿಗಳನ್ನು ಬಾಯಲ್ಲಿ ನುಡಿಯುವುದು) ಮುಂದೆ ನಿಂತಿವೆ. ಸ್ಯಾಕ್ಸೋಫೋನ್ ಅವುಗಳ ದಾರಿ ಹಿಡಿದು ಬರುತ್ತದೆ. ಅದು ಎಲ್ಲರಿಗೂ ಬಾಗಿಲು ತೆರೆದ ಕಮ್ಮಟವೇನಲ್ಲ. ಆದರೆ ಹೊರಗಿನಿಂದ ಬಂದವರ ಮುಂದೆ ಊರಿನ ಕಲಾವಿದರು ಬರೀ ಪಕ್ಕವಾದ್ಯವಾಗಬೇಕಿಲ್ಲ ಅನ್ನುವುದು ಅದರಲ್ಲಿ ಚೆನ್ನಾಗಿ ಕೇಳಿಸುತ್ತದೆ.

‘ಮುಕ್ತ’ ಅಂದರೆ ಟಿಕೆಟ್ ಇಲ್ಲ ಅಂತ ಅಲ್ಲ. ಅದಕ್ಕೆ ‘ಉಚಿತ’ ಇದೆ. ಸುಮ್ನೆ ಕೂತು ಕೇಳುವುದಕ್ಕೆ ಕಛೇರಿ ಇದೆ, ಅಲ್ವಾ? ಮುಕ್ತ ಕಮ್ಮಟ ಎಂದರೆ ವಾದ್ಯ ತಂದವರೆಲ್ಲ ಒಳಗೆ ಬಂದು ಕೂತು ಹಾಡು ಕಟ್ಟಬಹುದು ಅಂತ. ಅವತ್ತು ಡೊಳ್ಳಿನವರ ಹೆಗಲಲ್ಲಿ ಡೊಳ್ಳು ಇತ್ತು.