ಆಗ ನಾನು ಯಾಕೆ ಕೂಗಲಿಲ್ಲ?

ಪ್ರಶ್ನೆ: ನನಗೆ ಎಂಟು ವರ್ಷವಿದ್ದಾಗ ಮನೆಯವರಿಗೆಲ್ಲ ತುಂಬ ಬೇಕಾದ ಒಬ್ಬರು ನನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರು. ಒಂದು ಸಲ ಅಲ್ಲ. ಯಾರಿಗೂ ಹೇಳಿಲ್ಲ. ಓದು, ಕೆಲಸ, ಮದುವೆ ಎಲ್ಲ ಆಯಿತು. ಈಗ ಮಗಳಿಗೆ ಎಂಟು ತುಂಬಿದ ಮೇಲೆ ಎಲ್ಲ ಮತ್ತೆ ಕಾಡುತ್ತಿದೆ. ರಾತ್ರಿ ನಿದ್ದೆ ಬರೋದಿಲ್ಲ. ಆಗ ನಾನು ಯಾಕೆ ಕೂಗಲಿಲ್ಲ? ಇದರಿಂದ ಹೊರಗೆ ಬರೋಕಾಗುತ್ತಾ?

ಉತ್ತರ: ನೀವು ಹೇಳಿದ್ದನ್ನು ನಾನು ನಂಬುತ್ತೇನೆ. ತಪ್ಪು ಪೂರ್ತಿ ಆ ದೊಡ್ಡವರದ್ದು, ಎಳ್ಳಷ್ಟೂ ನಿಮ್ಮದಲ್ಲ. ಮತ್ತೆ, ಹೊರಗೆ ಬರೋಕಾಗುತ್ತೆ.

ಕೂಗಲಿಲ್ಲ ಯಾಕೆ ಅಂದರೆ, ಕೂಗಲು ಆಗಲಿಲ್ಲ. ಅಪಾಯ ಬಂದಾಗ ಎದುರಿಸುವುದು, ಓಡಿಹೋಗುವುದು ಎರಡೇ ದಾರಿ ಅಂದುಕೊಳ್ಳುತ್ತೇವೆ. ಮೂರನೆಯದೂ ಇದೆ: ಮೈ ಮರಗಟ್ಟಿಹೋಗುವುದು. ದನಿ ಹೊರಡುವುದಿಲ್ಲ, ಕೈಕಾಲು ಆಡುವುದಿಲ್ಲ. ಮೆದುಳು ನಮ್ಮನ್ನು ಕೇಳದೆ ಮಾಡುವ ಕೆಲಸ ಇದು. ದೊಡ್ಡವರಿಗೂ ಹೀಗಾಗುತ್ತದೆ. ಅದರ ಮೇಲೆ, ದೌರ್ಜನ್ಯ ಮಾಡುವವರು ಬಹಳಷ್ಟು ಸಲ ಮಗುವಿಗೆ ಗೊತ್ತಿರುವವರೇ. ಹೇಳಿದರೆ ಯಾರೂ ನಂಬಲ್ಲ, ಅಮ್ಮ ಅಳ್ತಾಳೆ, ಮನೆಯಲ್ಲಿ ಜಗಳ ಆಗುತ್ತೆ ಅಂತ ಮಗು ಹೆದರುತ್ತದೆ. ಎಷ್ಟೋ ಹೆಂಗಸರು ಹತ್ತಿಪ್ಪತ್ತು ವರ್ಷ ಬಾಯಿ ಬಿಡದೆ ಇರುವುದು ಇದಕ್ಕೇ.

ನೀವು ಕೇಳಿಲ್ಲ, ಆದರೂ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆ ಹೊತ್ತಿನಲ್ಲಿ ದೇಹ ಸ್ಪಂದಿಸಿತು ಅನ್ನುವ ನಾಚಿಕೆಯನ್ನು ಎಷ್ಟೋ ಜನ ಯಾರ ಹತ್ತಿರವೂ ಹೇಳಿಕೊಳ್ಳದೆ ಹೊತ್ತಿರುತ್ತಾರೆ. ಮುಟ್ಟಿದರೆ ನರಗಳು ಸ್ಪಂದಿಸುತ್ತವೆ, ಅಷ್ಟೇ. ಅದು ಒಪ್ಪಿಗೆ ಅಲ್ಲ.

ಈಗಲೇ ಯಾಕೆ? ನಿಮ್ಮ ಮಗಳನ್ನು ನೋಡಿ. ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿಲ್ಲ. ಮಣಿಕಟ್ಟು ನಿಮ್ಮ ಎರಡು ಬೆರಳಿನೊಳಗೆ ಹಿಡಿಯುತ್ತದೆ. ಎಂಟು ವರ್ಷ ಅಂದರೆ ಎಷ್ಟು ಸಣ್ಣದು ಅಂತ ಈಗ ಕಣ್ಣೆದುರೇ ಕಾಣುತ್ತಿದೆ, ಅಲ್ವಾ? ತಾವು ದೌರ್ಜನ್ಯಕ್ಕೆ ಒಳಗಾದ ವಯಸ್ಸಿಗೆ ಮಗು ಬಂದಾಗ ಹಳೆಯದು ಮೇಲೆದ್ದು ಬರುವುದು ತುಂಬ ತಾಯಂದಿರಿಗೆ ಆಗುವಂಥದ್ದು. ನಿಮಗೆ ಹುಚ್ಚು ಹಿಡಿಯುತ್ತಿಲ್ಲ. 'ಯಾಕೆ ಕೂಗಲಿಲ್ಲ' ಅಂತ ಈ ಮಗುವನ್ನು ನೀವು ಕೇಳುತ್ತೀರಾ? ಇಲ್ಲ ತಾನೆ? ಹಾಗಿದ್ದರೆ ಅವತ್ತಿನ ಆ ಮಗುವನ್ನೂ, ಅಂದರೆ ನಿಮ್ಮನ್ನೂ, ಕೇಳಬೇಡಿ.

ಗುಣವಾಗುವ ದಾರಿಯನ್ನು ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಮೂರು ಹಂತವಾಗಿ ಬಿಡಿಸಿ ಹೇಳಿದರು: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ದುಃಖ, ಕೊನೆಗೆ ಬದುಕಿನ ಜೊತೆ ಮತ್ತೆ ಸೇರಿಕೊಳ್ಳುವುದು. ಈ ಕ್ರಮ ನನಗೆ ತುಂಬ ಮುಖ್ಯ ಅನಿಸುತ್ತದೆ. ಎಲ್ಲವನ್ನೂ ಒಂದೇ ಸಲ ಕೆದಕಬೇಕಾಗಿಲ್ಲ. ಮೊದಲು ನಿದ್ದೆ, ಊಟ ಸರಿಹೋಗಲಿ. ನೆನಪು ನುಗ್ಗಿ ಬಂದಾಗ ಪಾದವನ್ನು ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರನ್ನು ಜೋರಾಗಿ ಹೇಳಿ. ಇದು ಈಗಿನ ಹೊತ್ತು, ನಾನು ದೊಡ್ಡವಳು ಅಂತ ಮೈಗೆ ಗೊತ್ತಾಗಲು ಅದು ಸಹಾಯ ಮಾಡುತ್ತದೆ.

ಆಘಾತದ ಬಗ್ಗೆ ತರಬೇತಿ ಇರುವ ಆಪ್ತಸಮಾಲೋಚಕರನ್ನು ಹುಡುಕಿ. ಆಘಾತದ ನಂತರದ ಮಾನಸಿಕ ತೊಂದರೆಗೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಎರಡು ಚಿಕಿತ್ಸೆಗಳನ್ನು ಸೂಚಿಸಿದೆ. ಒಂದು, ಯೋಚನೆಯ ಜಾಡನ್ನು ತಿದ್ದುವ ಸಿ.ಬಿ.ಟಿ. ಇನ್ನೊಂದು, ಕಣ್ಣನ್ನು ಆಚೀಚೆ ಆಡಿಸುತ್ತ ನೆನಪಿನ ಕಾವು ಇಳಿಸುವ ಇ.ಎಂ.ಡಿ.ಆರ್. ಮೊದಲ ದಿನವೇ 'ಎಲ್ಲ ಹೇಳಿ' ಅಂತ ಒತ್ತಾಯಿಸುವವರು, 'ಅವರನ್ನು ಕ್ಷಮಿಸಿಬಿಡಿ' ಅನ್ನುವವರು, ಸಂಮೋಹನ ಮಾಡಿ ಮರೆತ ನೆನಪು ತೆಗೆಯುತ್ತೇನೆ ಅನ್ನುವವರು ಸಿಕ್ಕರೆ ಎದ್ದು ಬನ್ನಿ. ಕ್ಷಮಿಸದೆಯೂ ಗುಣವಾಗಬಹುದು. ಸಾಯಬೇಕು ಅನ್ನುವ ಯೋಚನೆ ಬಂದರೆ ಮಾತ್ರ ಕಾಯಬೇಡಿ, ಅವತ್ತೇ ವೈದ್ಯರ ಹತ್ತಿರ ಹೋಗಿ.

ದೌರ್ಜನ್ಯಕ್ಕೆ ಒಳಗಾದ ಮಗು ಎದುರಿನವರ ಮುಖ ಓದುವುದನ್ನು ಬಹಳ ಬೇಗ ಕಲಿಯುತ್ತದೆ. ಅವರಿಗೆ ಏನು ಬೇಕು, ಯಾವಾಗ ಸಿಟ್ಟು ಬರುತ್ತೆ, ಎಲ್ಲ ಗೊತ್ತು. ತನಗೆ ಏನು ಬೇಕು ಅನ್ನುವುದು ಮಾತ್ರ ಗೊತ್ತಿರುವುದಿಲ್ಲ. ಎಷ್ಟೋ ಹೆಂಗಸರು ನಲವತ್ತರ ಹತ್ತಿರ ಬಂದಾಗ 'ನನಗೆ ಯಾವ ಬಣ್ಣ ಇಷ್ಟ?' ಅಂತ ಮೊದಲ ಸಲ ಕೇಳಿಕೊಳ್ಳುತ್ತಾರೆ. ಸುಮ್ನೆ ಕೇಳುವ ಪ್ರಶ್ನೆ ಅಲ್ಲ ಅದು. ಸಣ್ಣ ಸಣ್ಣ 'ಬೇಡ'ಗಳಿಂದ ಶುರು ಮಾಡಿ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದಾಗ ಉಸಿರು ಕಟ್ಟಿದರೆ, 'ಕೈ ಎತ್ತಿದರೆ ನಿಲ್ಲಿಸಬೇಕು' ಅಂತ ಮೊದಲೇ ಹೇಳಿ. ಕೈ ಎತ್ತಿ, ಅವರು ನಿಲ್ಲಿಸಿದಾಗ ನಿಮ್ಮ ಮಾತು ನಡೆಯುತ್ತದೆ ಅಂತ ಮೈಗೂ ಗೊತ್ತಾಗುತ್ತದೆ. ಗಂಡನ ಹತ್ತಿರವೂ ಅಷ್ಟೇ: ಇವತ್ತು ಬೇಡ ಅಂದರೆ ಬೇಡ. ಯಾಕೆ ಅಂತ ವಿವರಿಸುವ ಹಂಗು ನಿಮಗಿಲ್ಲ.

ಮಗಳಿಗೆ ನಿಮ್ಮ ಕಥೆ ಈಗ ಹೇಳಬೇಕಾಗಿಲ್ಲ. ಅವಳ ಮೈ ಅವಳದ್ದು, ಇಷ್ಟವಿಲ್ಲದವರನ್ನು ತಬ್ಬಿಕೊಳ್ಳಬೇಕಾಗಿಲ್ಲ, ಏನೇ ಆದರೂ ಅಮ್ಮನ ಹತ್ತಿರ ಹೇಳಬಹುದು ಅಂತ ಹೇಳಿಕೊಡಿ. ಆ ವ್ಯಕ್ತಿ ಈಗಲೂ ಮನೆಗೆ ಬಂದುಹೋಗುತ್ತಿದ್ದರೆ ಮಗಳನ್ನು ಅವರ ಜೊತೆ ಒಂದು ಗಳಿಗೆಯೂ ಬಿಡಬೇಡಿ. ಬೇರೆ ಮಕ್ಕಳೂ ಅವರ ಹತ್ತಿರ ಇದ್ದರೆ, ನಂಬಿಕಸ್ತರೊಬ್ಬರಿಗೆ ಬೇಗ ಹೇಳಿ.